ಸಿಲ್ಲೇದಾರರ ಕುಣಿಗಲ್

ಕುಣಿಗಲ್ ಎಂದರೆ ಕನ್ನಡ ನಾಡಿಗೆಲ್ಲ ಕೆರೆಯೇ ನೆನಪಾಗುವುದು. ಒಂದು ಜನಪದ ಹಾಡು ಆ ಕೆರೆಯನ್ನು ಬೀದರಿನಿಂದ ಚಾಮರಾಜನಗರದವರೆಗೆ ಮನೆಮನೆಗೂ ಮುಟ್ಟಿಸಿದೆ. ಈ ಕಡೆ ಕಾಲಿಡದವರಿಗೂ ಏರಿಯ ಸೊಬಗು ಗೊತ್ತು, ನೀರಿನ ಮೇಲೆ ಮೂಡುವ ಚಂದ್ರ ಗೊತ್ತು. ಅದೇ ಊರಿನ ಇನ್ನೊಂದು ಹೆಗ್ಗಳಿಕೆಯಾದ ಕುದುರೆಯ ಮೇಲೆ ಮಾತ್ರ ಅಂಥ ಹಾಡೊಂದು ಹಬ್ಬಲಿಲ್ಲ. ತಲೆಮಾರುಗಳಿಂದ ಇಲ್ಲಿನ ಹುಲ್ಲು ತಿಂದು, ಇಲ್ಲಿನ ನೀರು ಕುಡಿದು ಬೆಳೆದ ಕುದುರೆಗಳು ಎಲ್ಲಿಂದ ಬಂದವು, ಯಾರಿಗಾಗಿ ಬೆಳೆದವು ಎಂದು ಕೇಳಿದರೆ ಊರಿನ ಹೊಸ ಹುಡುಗರಿಗೆ ಗೊತ್ತಿರುವುದು ಒಂದೇ ಸಾಲು: ಟಿಪ್ಪು ಸುಲ್ತಾನ್ ಕಟ್ಟಿದ ಕುದುರೆ ಫಾರಂ. ಆ ಸಾಲಿನ ಹಿಂದೆಯೂ ಮುಂದೆಯೂ ಇರುವ ಕಥೆ ದೊಡ್ಡದು. ಹೇಳುವವರು ಕಡಿಮೆಯಾಗುತ್ತಿರುವುದರಿಂದ ಈಗಲೇ ಬರೆದಿಡಬೇಕು ಅನ್ನಿಸಿತು.

ಮೊದಲು ಊರಿನ ಪರಿಚಯ. ತುಮಕೂರು ಜಿಲ್ಲೆಯ ದಕ್ಷಿಣದ ತಾಲ್ಲೂಕು ಕೇಂದ್ರ. ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 34 ಸಾವಿರ ದಾಟಿತ್ತು. ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಮತ್ತು ತುಮಕೂರು–ಮದ್ದೂರು ರಸ್ತೆ ಇಲ್ಲಿ ಕೂಡುತ್ತವೆ. ಎರಡು ದಶಕ ಕಾದ ಮೇಲೆ 2017ರಲ್ಲಿ ಬೆಂಗಳೂರು–ಹಾಸನ ರೈಲು ಕುಣಿಗಲ್ ಮೇಲೆ ಓಡತೊಡಗಿತು. ರಾಗಿ, ಹುರುಳಿ, ತೆಂಗು ಇಲ್ಲಿನ ಬೆಳೆ. ಎಡೆಯೂರು ಸಿದ್ಧಲಿಂಗೇಶ್ವರ, ಶಿಂಷಾ ನದಿಯ ಮಾರ್ಕೋನಹಳ್ಳಿ ಅಣೆಕಟ್ಟೆ, ಹುತ್ರಿದುರ್ಗ, ಹುಲಿಯೂರುದುರ್ಗ ಎಲ್ಲವೂ ಇದೇ ತಾಲ್ಲೂಕಿನವು. ಶಿವ ಕುಣಿದ ಕಲ್ಲು ಇದು ಎಂಬ ಸ್ಥಳಪುರಾಣವನ್ನು ಗೆಜೆಟಿಯರ್‌ನವರೂ ಬರೆದುಕೊಂಡಿದ್ದಾರೆ. ಮೈಸೂರು ಆಸ್ಥಾನದಲ್ಲಿ ನ್ಯಾಯಶಾಸ್ತ್ರಕ್ಕೆ ಹೆಸರಾಗಿದ್ದ ರಾಮಶಾಸ್ತ್ರಿಗಳು ತಮ್ಮ ಹೆಸರಿನ ಮುಂದೆ ಕುಣಿಗಲ್ಲನ್ನು ಇಟ್ಟುಕೊಂಡಿದ್ದರು. ನಮ್ಮ ಕಾಲಕ್ಕೆ ಸಿನಿಮಾ ಸಂಭಾಷಣೆಕಾರ, ನಟ ಕುಣಿಗಲ್ ನಾಗಭೂಷಣ ಆ ಹೆಸರನ್ನು ಬೆಳ್ಳಿತೆರೆಗೆ ಒಯ್ದರು.

ಇನ್ನು ಕುದುರೆಗೆ ಬರೋಣ.

ಕುದುರೆ ಸಾಕಲು ಕುಣಿಗಲ್ಲೇ ಏಕೆ ಎಂದರೆ ನೆಲ ನೋಡಿದವರಿಗೆ ಉತ್ತರ ಸುಲಭ. ಬತ್ತದ ದೊಡ್ಡ ಕೆರೆ, ಸುತ್ತ ಹುಲ್ಲುಗಾವಲು, ಹೊಲ ತುಂಬ ಹುರುಳಿ. ಒಂದು ಕಡೆ ಶ್ರೀರಂಗಪಟ್ಟಣ, ಇನ್ನೊಂದು ಕಡೆ ಬೆಂಗಳೂರು. ನಡುವೆ ಕಾವಲಿಗೆ ಬೆಟ್ಟದ ದುರ್ಗಗಳು. ಮೂರನೆಯ ಮೈಸೂರು ಯುದ್ಧದಲ್ಲಿ ಈ ಸೀಮೆ ನೇರವಾಗಿ ಪೆಟ್ಟು ತಿಂದಿತು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಎಳೆಯುವ ಎತ್ತುಗಳು ಸತ್ತಿದ್ದವು, ದವಸದ ದಾರಿಯನ್ನು ಮೈಸೂರಿನ ಕುದುರೆ ಸವಾರರು ಕಡಿದುಹಾಕಿದ್ದರು. ಹಿಂದಿರುಗುವಾಗ ಅವನ ಸೈನ್ಯ ಹುಲಿಯೂರುದುರ್ಗವನ್ನು ತೆಗೆದುಕೊಂಡಿತು. ಡಿಸೆಂಬರಿನಲ್ಲಿ ಸಾವನದುರ್ಗ ಬಿದ್ದ ಬೆನ್ನಿಗೇ ಹುತ್ರಿದುರ್ಗವೂ ಬಿತ್ತು. ಈ ಯುದ್ಧ ಮುಗಿದ ಮೇಲೆ, 1790ರ ದಶಕದಲ್ಲಿ, ತನ್ನ ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು ಬೆಳೆಸಲು ಟಿಪ್ಪು ಇಲ್ಲಿ ಲಾಯ ಕಟ್ಟಿಸಿದ ಎಂಬುದು ಊರಿನ ನಂಬಿಕೆ. ಸ್ಟಡ್ ಫಾರಂ ಬಗ್ಗೆ ಬರೆದವರೆಲ್ಲ ಅದನ್ನೇ ಬರೆದಿದ್ದಾರೆ.

ಆದರೆ ಹಳೆಯ ಗೆಜೆಟಿಯರ್ ತೆರೆದರೆ ಮಾತು ಅಷ್ಟು ನೇರವಾಗಿಲ್ಲ. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಕ್ಲೋಸ್‌ಪೇಟೆ ಎಂಬ ಊರಿನ ವಿವರವಿದೆ. ಇಂದಿನ ರಾಮನಗರವೇ ಅದು. 1800ರಲ್ಲಿ ದಿವಾನ್ ಪೂರ್ಣಯ್ಯ ಕಾಡು ದಾರಿಯ ಕಾವಲಿಗೆಂದು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿಟ್ಟ ಪೇಟೆ. ಅಲ್ಲಿ ಬರುವ ಮಾತು ನಮಗೆ ಮುಖ್ಯ: ಸಿಲ್ಲೇದಾರರಿಗಾಗಿ, ಎಂದರೆ ದಂಡಿನ ಸವಾರರಿಗಾಗಿ, ಒಳ್ಳೆಯ ತಳಿಯ ಕುದುರೆ ಬೆಳೆಸುವ ಸರ್ಕಾರಿ ಲಾಯ ಆ ಊರಿನ ಬಳಿ ಇತ್ತು, ಅದನ್ನು ಆಮೇಲೆ ಕುಣಿಗಲ್ಲಿಗೆ ಸಾಗಿಸಲಾಯಿತು. ಟಿಪ್ಪು ಮಡಿದದ್ದು 1799ರಲ್ಲಿ. ಕ್ಲೋಸ್‌ಪೇಟೆ ಹುಟ್ಟಿದ್ದೇ ಮರುವರ್ಷ. ಅಂದಮೇಲೆ ನಮ್ಮ ಫಾರಂನ ಮೂಲ ಟಿಪ್ಪುವಿನ ಲಾಯವೋ, ಪೂರ್ಣಯ್ಯನವರ ಕಾಲದ ಸಿಲ್ಲೇದಾರ್ ಲಾಯವೋ?

ನನ್ನ ತಿಳಿವಳಿಕೆಯಲ್ಲಿ ಇವೆರಡರಲ್ಲಿ ಒಂದನ್ನು ಸುಳ್ಳು ಮಾಡಬೇಕಾದ ಅಗತ್ಯವಿಲ್ಲ. ಕುದುರೆ ಮೇಯಿಸಲು ಹೆಸರಾದ ಹುಲ್ಲುಗಾವಲು ಮೊದಲೇ ಇದ್ದುದರಿಂದಲೇ ಕ್ಲೋಸ್‌ಪೇಟೆಯ ಲಾಯವನ್ನು ಇಲ್ಲಿಗೆ ತಂದಿರಬೇಕು. ಆ ಊರಿನ ಸುತ್ತ ಇರುವುದು ಬರಿಯ ಬಂಡೆ, ಕುರುಚಲು. ಮರಿಕುದುರೆ ಓಡಿ ಕಾಲು ಗಟ್ಟಿ ಮಾಡಿಕೊಳ್ಳಲು ಹರವಾದ ನೆಲ ಬೇಕು, ಅದು ಕುಣಿಗಲ್ಲಿನಲ್ಲಿದೆ. ಆದರೂ ನಾವು ಟಿಪ್ಪುವಿನ ಹೆಸರನ್ನು ಗಟ್ಟಿಯಾಗಿ ಹೇಳಿ ಸಿಲ್ಲೇದಾರರನ್ನು ಮರೆತುಬಿಟ್ಟಿದ್ದೇವೆ. ಇಂದಿನ ಫಾರಂವರೆಗೆ ಎಳೆ ಕಡಿಯದೆ ಬಂದಿರುವುದು ಅವರಿಂದ. ಈ ಊರಿನ ಕುದುರೆಯ ಚರಿತ್ರೆ ಮುಖ್ಯವಾಗಿ ಅವರ ಚರಿತ್ರೆ ಎಂದೇ ನಾನು ನಂಬಿದ್ದೇನೆ.

ಸಿಲ್ಲೇದಾರ ಎಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ದಂಡು ಸೇರುವ ರಾವುತ. ಸರ್ಕಾರ ತಿಂಗಳಿಗಿಷ್ಟು ಎಂದು ಸಂಬಳ ಕೊಡುತ್ತಿತ್ತು. ಹುರುಳಿ, ಹುಲ್ಲು, ಲಾಳ, ಜೀನು ಎಲ್ಲ ಅದರಲ್ಲೇ ನಡೆಯಬೇಕು. ಕುದುರೆ ಸತ್ತರೆ ನಷ್ಟ ಅವನದೇ, ಕೆಲಸಕ್ಕೂ ಸಂಚಕಾರ. ಹಾಗಾಗಿ ಮೈಸೂರಿನ ಸಿಲ್ಲೇದಾರನಿಗೆ ಕುದುರೆ ಮನೆಯ ಆಸ್ತಿ. ಮಗಳ ಮದುವೆಗೂ ಅದೇ ಆಧಾರ. ಬ್ರಿಟಿಷರೊಂದಿಗಿನ 1807ರ ಒಪ್ಪಂದದ ಪ್ರಕಾರ ಮೈಸೂರು ಸಂಸ್ಥಾನ 4,000 ಸವಾರರನ್ನು ಸದಾ ಸಿದ್ಧವಾಗಿಡಬೇಕಿತ್ತು. ಬಂಡುಕೋರ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಹೋದ 1800ರ ದಂಡಿನಲ್ಲಿ ಮೈಸೂರಿನ ಕುದುರೆಗಳಿದ್ದವು. 1817ರಲ್ಲಿ ದೂರದ ಮಾಳವದ ಮಹಿದ್‌ಪುರದ ಕಾಳಗದಲ್ಲೂ ಇದ್ದವು. 4,000 ಸವಾರರಿಗೆ ಕುದುರೆ ಒದಗಿಸುತ್ತಲೇ ಇರಬೇಕೆಂದರೆ ಸಂತೆಯಲ್ಲಿ ಕೊಂಡರೆ ಸಾಲದು, ಬೆಳೆಸಬೇಕು. ಸರ್ಕಾರಿ ಲಾಯ ಹುಟ್ಟಿದ್ದು ಈ ಒತ್ತಡದಿಂದ.

ನಾಟಿ ಕುದುರೆ ಗಟ್ಟಿ, ಆದರೆ ಗಿಡ್ಡ. ಅದಕ್ಕೆ ಅರಬ್ಬಿ ರಕ್ತ ಬೆರೆಸುವುದು ಆಗಿನ ಕ್ರಮ. ಕುದುರೆ ವ್ಯಾಪಾರಿಗಳು ಸಮುದ್ರ ದಾಟಿ ಬರುತ್ತಿದ್ದ ಕಾಲ ಅದು. ಶಿರಾಜಿನ ಆಗಾ ಅಲಿ ಅಸ್ಕರ್ 1824ರಲ್ಲಿ ಕುದುರೆಗಳ ಹಿಂಡಿನೊಂದಿಗೆ ಬೆಂಗಳೂರಿಗೆ ಬಂದವರು. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ದಂಡಿನ ದೊರೆಗಳಿಗೂ ಕುದುರೆ ಮಾರಿ ಬೆಂಗಳೂರಿನಲ್ಲೇ ನೆಲೆ ನಿಂತರು. ಮುಂದೆ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ. 1834ರಿಂದ 1861ರವರೆಗೆ ಮೈಸೂರಿನ ಆಡಳಿತ ನಡೆಸಿದ ಮಾರ್ಕ್ ಕಬ್ಬನ್ ಕೂಡ ಅರಬ್ಬಿ ಕುದುರೆಗಳಿಗೆ ಮನಸೋತವನು. ಕಬ್ಬನ್ ಪಾರ್ಕಿನಲ್ಲಿ ಅವನನ್ನು ನಿಲ್ಲಿಸಿರುವುದೂ ಕುದುರೆಯ ಮೇಲೆಯೇ.

ಇಲ್ಲಿ ಊರಿನ ಇನ್ನೊಂದು ಮಾತನ್ನು ಒರೆಗೆ ಹಚ್ಚಬೇಕು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಈಟಿ ಹಿಡಿದು ನುಗ್ಗಿ ಗೆದ್ದ ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್‌ಗಳ ಕಥೆ ಎಲ್ಲರಿಗೂ ಗೊತ್ತು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತ ಮೂವರು ಸವಾರರಲ್ಲಿ ಒಬ್ಬ ಮೈಸೂರಿನವನು. ಆ ದಿನ ಅವರು ಏರಿದ್ದು ಕುಣಿಗಲ್ಲಿನ ಕುದುರೆಗಳನ್ನೇ ಎಂದು ನಮ್ಮಲ್ಲಿ ಕೆಲವರು ಭಾಷಣದಲ್ಲಿ ಹೇಳುತ್ತಾರೆ. ಕೇಳಲು ಎದೆಯುಬ್ಬುತ್ತದೆ, ನಿಜ. ಆದರೆ ಆಗಿನ ಭಾರತೀಯ ಅಶ್ವದಳದ ಬಹುಪಾಲು ಕುದುರೆಗಳು ಆಸ್ಟ್ರೇಲಿಯದಿಂದ ಹಡಗಿನಲ್ಲಿ ಬಂದ ವೇಲರ್‌ಗಳು. ನಮ್ಮ ಊರಿನ ಪಾಲು ಇದ್ದರೆ ಅದನ್ನು ಕಾಗದಪತ್ರ ತೋರಿಸಿಯೇ ಹೇಳಬೇಕು. ಸಿಲ್ಲೇದಾರ್ ಪರಂಪರೆಯ ನೆಲದಿಂದಲೇ 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ರೂಪುಗೊಂಡಿತು ಎಂಬ ಮಾತಿಗೆ ಯಾವ ಉತ್ಪ್ರೇಕ್ಷೆಯೂ ಬೇಡ.

ಯುದ್ಧಕ್ಕೆ ಕುದುರೆ ಬೇಡವಾದ ಮೇಲೆ ಫಾರಂ ರೇಸಿನ ಕುದುರೆಗೆ ತಿರುಗಿತು. ಇಂದು ಅಲ್ಲಿ ಬೆಳೆಯುವುದು ಥರೋಬ್ರೆಡ್ ತಳಿ. ಈ ತಳಿಗೆ ಕೃತಕ ಗರ್ಭಧಾರಣೆ ಸಲ್ಲದು. ಹೆಣ್ಣು ಗಂಡು ನೇರವಾಗಿ ಕೂಡಿ ಹುಟ್ಟಿದ ಮರಿಗಷ್ಟೇ ಸ್ಟಡ್ ಬುಕ್ಕಿನಲ್ಲಿ ಜಾಗ. ಹುಟ್ಟಿದ ತಿಂಗಳು ಯಾವುದೇ ಇರಲಿ, ಎಲ್ಲ ಮರಿಗಳಿಗೂ ಜನವರಿ 1ಕ್ಕೆ ಒಂದು ವರ್ಷ ಕೂಡುತ್ತದೆ. ಆದ್ದರಿಂದ ವರ್ಷದ ಮೊದಲ ತಿಂಗಳುಗಳಲ್ಲೇ ಈಯಬೇಕೆಂದು ಲೆಕ್ಕ ಹಾಕಿ ಹೆಣ್ಣುಕುದುರೆ ಕಟ್ಟಿಸುತ್ತಾರೆ. ಹನ್ನೊಂದು ತಿಂಗಳ ಬಸಿರು.

ಲಾಯದಲ್ಲಿ ಕೆಲಸ ಮಾಡುವ ಸಾಯಿಸ್‌ಗಳ ಕಣ್ಣು ಆ ದಿನಗಳಲ್ಲಿ ಕೆಚ್ಚಲ ಮೇಲೆ. ಈಯುವುದಕ್ಕೆ ಒಂದೆರಡು ದಿನ ಇರುವಾಗ ಮೊಲೆತೊಟ್ಟಿನ ತುದಿಯಲ್ಲಿ ಹಳದಿ ಹನಿಯೊಂದು ಮೇಣದ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ. ಅದು ಕಂಡರೆ ರಾತ್ರಿ ನಿದ್ದೆ ಇಲ್ಲ, ಏಕೆಂದರೆ ಕುದುರೆ ಈಯುವುದು ಹೆಚ್ಚಾಗಿ ಸರಿರಾತ್ರಿಯಲ್ಲಿ, ಸುತ್ತ ಸದ್ದಿಲ್ಲದಾಗ. ಮರಿಯ ಮುಂಗಾಲು ಮೊದಲು ಬರಬೇಕು, ಒಂದು ಕಾಲು ಇನ್ನೊಂದಕ್ಕಿಂತ ತುಸು ಮುಂದೆ, ಮೂತಿ ಅವುಗಳ ಮೇಲೆ. ಎಳೆಯ ಗೊರಸಿನ ತುದಿಗೆ ಮೆತ್ತನೆಯ ನಾರುಗಳ ಹೊದಿಕೆ ಇರುತ್ತದೆ, ತಾಯಿಯ ಒಡಲು ಹರಿಯದಿರಲೆಂದು. ಮರಿ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಅದು ಸವೆದು ಉದುರುತ್ತದೆ. ಒಂದೆರಡು ಗಂಟೆಯಲ್ಲಿ ಮರಿ ಎದ್ದು ನಿಂತು ಮೊಲೆ ಹುಡುಕಬೇಕು. ಅಷ್ಟಕ್ಕೆ ಕೆಲಸ ಮುಗಿಯದು: ಕಸ ಬಿದ್ದ ಮೇಲೆ ಅದನ್ನು ನೆಲದ ಮೇಲೆ ಹರಡಿ, ಒಂದು ಚೂರೂ ಒಳಗೆ ಉಳಿದಿಲ್ಲವೆಂದು ನೋಡಬೇಕು. ಉಳಿದರೆ ತಾಯಿಗೆ ನಂಜು, ಗೊರಸಿಗೆ ಬಾವು. ಓದು ಬರಹ ಬಾರದ ಎಷ್ಟೋ ಜನ ಈ ವಿದ್ಯೆಯನ್ನು ಅಪ್ಪನಿಂದ ಮಗನಿಗೆ ದಾಟಿಸಿದ್ದಾರೆ. ಬೆಂಗಳೂರಿನ ರೇಸಿನಲ್ಲಿ ಗೆದ್ದ ಕುದುರೆಯ ಮಾಲೀಕನ ಹೆಸರು, ಜಾಕಿಯ ಹೆಸರು, ಅಪ್ಪ–ಅಮ್ಮ ಕುದುರೆಗಳ ಹೆಸರು ಅಚ್ಚಾಗುತ್ತವೆ; ಆ ರಾತ್ರಿ ಅದನ್ನು ಒಡಲಿನಿಂದ ಎಳೆದುಕೊಂಡವನ ಹೆಸರು ಎಲ್ಲೂ ಇರುವುದಿಲ್ಲ. ಈ ಕೊರಗು ನನ್ನದು ಮಾತ್ರವಲ್ಲ, ಇಲ್ಲಿನ ಎಷ್ಟೋ ಮನೆಗಳದ್ದು.

ಫಾರಂ ನೆಲ 400 ಎಕರೆಗೂ ಮಿಕ್ಕಿದ್ದು, ಸರ್ಕಾರದ್ದು. 1992ರಲ್ಲಿ ಅದನ್ನು ವಿಜಯ್ ಮಲ್ಯ ಅವರ ಕಂಪನಿಗೆ ಮೂವತ್ತು ವರ್ಷ ಗುತ್ತಿಗೆಗೆ ಕೊಟ್ಟರು. ಅವಧಿ ಮುಗಿದ ಮೇಲೆ, 2024ರಲ್ಲಿ, ಅಲ್ಲಿ ಟೌನ್‌ಶಿಪ್ ಕಟ್ಟುವ ಪ್ರಸ್ತಾಪ ಹೊರಬಿತ್ತು. ಕುದುರೆ ಬಲ್ಲವರು, ಪರಂಪರೆಯ ಬಗ್ಗೆ ಕಾಳಜಿ ಇರುವವರು ವಿರೋಧಿಸಿದರು. ಬೆಂಗಳೂರಿನ ರೇಸ್‌ಕೋರ್ಸನ್ನೇ ಇಲ್ಲಿಗೆ ತರುವ ಮಾತೂ ನಡೆದಿದೆ. ರೇಸ್‌ಕೋರ್ಸ್ ಬಂದರೆ ಊರಿಗೆ ವ್ಯಾಪಾರ ಬರಬಹುದು. ಆದರೆ ಹೆಣ್ಣುಕುದುರೆ, ಮರಿ ಮೇಯುವ ನೆಲ ಬೇರೆ, ಪಂದ್ಯ ಓಡುವ ನೆಲ ಬೇರೆ. ಬಸುರಿಗೆ ಸದ್ದು ಆಗದು. ಬೆಳೆಯುವ ಕಾಲಿಗೆ ಬಯಲು ಬೇಕು. ಆ ಹುಲ್ಲುಗಾವಲನ್ನು ಸೈಟು ಮಾಡಿದರೆ ತಿರುಗಿ ಹುಲ್ಲುಗಾವಲು ಮಾಡುವುದು ಯಾರಿಂದಲೂ ಸಾಧ್ಯವಿಲ್ಲ. ಹಳೆಯ ಮರಗಳು, ಲಾಯಗಳು ಇರುವಂತೆಯೇ ಉಳಿಯಬೇಕು. ವರ್ಷಕ್ಕೊಂದು ದಿನವಾದರೂ ಗೇಟು ತೆರೆದು ಊರಿನ ಶಾಲೆ ಮಕ್ಕಳಿಗೆ ಕುದುರೆ ತೋರಿಸಬೇಕು. ಕುದುರೆಯಿಂದ ಹೆಸರಾದ ಊರಿನ ಮಕ್ಕಳು ಅದನ್ನು ತಂತಿ ಬೇಲಿಯ ಆಚೆಯಿಂದಲೇ ನೋಡಿ ದೊಡ್ಡವರಾಗುವುದು ನ್ಯಾಯವಲ್ಲ.

ಕೆರೆಯ ಗೋಳನ್ನೂ ಹೇಳದೆ ಬಿಡಲಾರೆ. ಸೋಮೇಶ್ವರನ ಗುಡಿಗೆ ಕೈ ಮುಗಿದು ಕೆರೆಯತ್ತ ತಿರುಗಿದರೆ ಈಗ ಎಷ್ಟೋ ಬೇಸಿಗೆಯಲ್ಲಿ ನೀರಿಗಿಂತ ಒಣಗಿದ ಅಂಗಳವೇ ಹೆಚ್ಚು ಕಾಣುತ್ತದೆ. ಹೇಮಾವತಿ ನಾಲೆಯ ಬಾಲದಲ್ಲಿ ಕುಳಿತ ತಾಲ್ಲೂಕು ನಮ್ಮದು. ಮೇಲಿನವರು ಕುಡಿದು ಮಿಕ್ಕರೆ ನಮಗೆ. ನಾಲೆಯ ನೀರನ್ನು ನೇರವಾಗಿ ಇಲ್ಲಿಗೆ ತರುವ ಲಿಂಕ್ ಕಾಲುವೆ ಬೇಕೆಂದು ಕುಣಿಗಲ್ಲಿನವರು, ಬೇಡವೆಂದು ಗುಬ್ಬಿ, ತುಮಕೂರು ಕಡೆಯವರು ಬೀದಿಗಿಳಿದಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಅವರೂ ರೈತರೇ. ಹಾಗೆಂದು ನಾಡೆಲ್ಲ ಹಾಡುವ ಕೆರೆಯನ್ನು ಒಣಗಲು ಬಿಡುವುದು ಹೇಗೆ? ಅತ್ತ ನಾಲ್ಕು ಪಥದ ಹೆದ್ದಾರಿ ಊರ ಹೊರಗೆ ಸುತ್ತಿ ಹೋದ ಮೇಲೆ ಮಂಗಳೂರು, ಧರ್ಮಸ್ಥಳದ ಕಡೆ ಹೋಗುವ ಜನರಿಗೆ ಕುಣಿಗಲ್ ಬರಿಯ ಬೋರ್ಡು. ಹಿಂದೆ ಪೇಟೆಯಲ್ಲಿ ಬಸ್ಸು ನಿಂತು ಜನ ಕಾಫಿ ಕುಡಿಯುತ್ತಿದ್ದ ಹೋಟೆಲುಗಳ ವ್ಯಾಪಾರ ಕುಸಿದಿದೆ.

ಕೊನೆಗೆ ಊರಿನವರಲ್ಲಿ ಒಂದು ಕೋರಿಕೆ. ಸಿಲ್ಲೇದಾರರಾಗಿದ್ದ ಅರಸು, ಮರಾಠ, ಮುಸ್ಲಿಂ ಮನೆತನಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಅಜ್ಜನ ಕಾಲದ ಸನ್ನದು, ಕುದುರೆಯ ಬಣ್ಣ, ಸುಳಿ ಬರೆದ ಚೀಟಿ, ಸಂಬಳದ ಪಟ್ಟಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಗೆದ್ದಲಿಗೆ ಬಿಡಬೇಡಿ. ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ. ಪೂರ್ಣಯ್ಯನವರ ಕಾಲದ ಲೆಕ್ಕಪತ್ರ ಬಹಳಷ್ಟು ನಡೆದದ್ದು ಮರಾಠಿಯಲ್ಲೇ, ಓದಬಲ್ಲವರು ಇನ್ನೂ ಇದ್ದಾರೆ. ಫೋಟೊ ತೆಗೆದು ಒಂದು ಪ್ರತಿಯನ್ನು ಊರಿನ ಲೈಬ್ರರಿಗೂ ಇನ್ನೊಂದನ್ನು ರಾಜ್ಯ ಪತ್ರಾಗಾರಕ್ಕೂ ಕೊಡಿ. ಲಾಯ ಕ್ಲೋಸ್‌ಪೇಟೆಯಿಂದ ಇಲ್ಲಿಗೆ ಬಂದ ವರ್ಷ, ಅದನ್ನು ನಡೆಸಿಕೊಂಡು ಬಂದವರ ಹೆಸರು ಆ ಕಾಗದಗಳಲ್ಲಿ ಇರಬಹುದು. ಫಾರಂನ ಚರಿತ್ರೆ ಹೇಳುವ ಫಲಕದಲ್ಲಿ ಟಿಪ್ಪುವಿನ ಹೆಸರಿನ ಕೆಳಗೆ ಆ ಹೆಸರುಗಳೂ ಬರಬೇಕು.