ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಉದ್ಯೋಗಾವಕಾಶಗಳು

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2004ರ ರಾಜ್ಯ ಅಧಿನಿಯಮದ ಅನ್ವಯ ಸ್ಥಾಪಿತವಾದ ಸಾರ್ವಜನಿಕ ವಿಶ್ವವಿದ್ಯಾಲಯ. ಇದರ ಕೇಂದ್ರಸ್ಥಾನ ಬೀದರ್‌ನ ನಂದಿನಗರ. ಇಲ್ಲಿಯ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಹೊಂದಿಕೊಂಡು ಬೋಧನಾ ಪಶು ಆಸ್ಪತ್ರೆಯಿದೆ. ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಮಾನವ ವೈದ್ಯಕೀಯಕ್ಕೆ ಸಂಬಂಧಿಸಿದ ಬೇರೆಯೇ ಸಂಸ್ಥೆಯಾಗಿದ್ದು, ಅದರ ನೇಮಕಾತಿಯೂ ಪ್ರತ್ಯೇಕವಾಗಿದೆ.

ಹುದ್ದೆಗಳ ಸ್ವರೂಪ

ಬೋಧಕ ವರ್ಗದಲ್ಲಿ ಸಹಾಯಕ ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ ಹುದ್ದೆಗಳಿವೆ. ಪಶುವೈದ್ಯಕೀಯ ವಿಷಯಗಳನ್ನು ಬೋಧಿಸಲು ಪಶುವೈದ್ಯ ಪದವಿಯ ಮೇಲೆ ಆಯಾ ವಿಷಯದ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಪದವಿಯ ವ್ಯಾಸಂಗವು ತರಬೇತಿ ಅವಧಿಯೂ ಸೇರಿ ಐದೂವರೆ ವರ್ಷಗಳದ್ದು. ಚಿಕಿತ್ಸೆ ನೀಡುವವರು 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಅಧಿನಿಯಮದ ಪ್ರಕಾರ ನೋಂದಣಿ ಹೊಂದಿರಬೇಕು.

ಆಸ್ಪತ್ರೆಯ ಕೆಲಸ ವೈದ್ಯರಿಂದ ಮಾತ್ರ ನಡೆಯುವುದಿಲ್ಲ. ರಕ್ತ ಮತ್ತು ಸಗಣಿಯ ಮಾದರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಸಿಬ್ಬಂದಿ, ಶಸ್ತ್ರಚಿಕಿತ್ಸೆಯ ವೇಳೆ ಪಶುವನ್ನು ಹಿಡಿದು ಮಲಗಿಸುವ ಸಹಾಯಕರು, ದಾಖಲೆ ಬರೆಯುವ ಗುಮಾಸ್ತರು, ಕೊಟ್ಟಿಗೆ ನೋಡಿಕೊಳ್ಳುವ ಕಾರ್ಮಿಕರೂ ಬೇಕು. ಈ ಸೀಮೆಯ ದೇವಣಿ ಗೋತಳಿಯ ಸಂರಕ್ಷಣೆಯಂತಹ ಸಂಶೋಧನಾ ಕಾರ್ಯಗಳಿಗೂ ಸಿಬ್ಬಂದಿಯ ಅಗತ್ಯವಿದೆ. ಪದವಿ ಇಲ್ಲದವರಿಗೆ ಪಶುಸಂಗೋಪನೆಯ ಡಿಪ್ಲೊಮಾ ಒಂದು ದಾರಿಯಾಗಿದೆ. ಎಸ್‌ಎಸ್‌ಎಲ್‌ಸಿ ಉತ್ತೀರ್ಣರಾದವರು ಇದಕ್ಕೆ ಸೇರಬಹುದು.

ನೇಮಕಾತಿಯ ವಿಧಗಳು

ಮಂಜೂರಾದ ಕಾಯಂ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿ ಅರ್ಜಿ ಆಹ್ವಾನಿಸಲಾಗುತ್ತದೆ. ಯೋಜನಾ ಸಹಾಯಕರು ಮತ್ತು ತಾತ್ಕಾಲಿಕ ಬೋಧಕರನ್ನು ನೇರ ಸಂದರ್ಶನದ ಮೂಲಕ ಗುತ್ತಿಗೆಯ ಮೇಲೆ ತೆಗೆದುಕೊಳ್ಳುವುದುಂಟು. ಯೋಜನೆ ಮುಗಿದಾಗ ಇಂತಹ ಕೆಲಸವೂ ಮುಗಿಯುತ್ತದೆ. ಗುತ್ತಿಗೆ ಸೇವೆಯೊಂದರಿಂದಲೇ ಕಾಯಂ ನೇಮಕದ ಹಕ್ಕು ಉಂಟಾಗುವುದಿಲ್ಲ.

ಸ್ಥಳೀಯರಿಗೆ ಮೀಸಲಾತಿ

ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿಯು ಸೇರ್ಪಡೆಯಾಯಿತು. ಅದರನ್ವಯ ಹೊರಡಿಸಲಾದ 2013ರ ಆದೇಶವು ಇಂದಿನ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ‘ಎ’ ಮತ್ತು ‘ಬಿ’ ಗುಂಪಿಗೆ ಶೇ. 75, ‘ಸಿ’ ಗುಂಪಿಗೆ ಶೇ. 80, ‘ಡಿ’ ಗುಂಪಿಗೆ ಶೇ. 85ರಷ್ಟನ್ನು ಸ್ಥಳೀಯರಿಗೆ ಮೀಸಲಿರಿಸಿದೆ. ರಾಜ್ಯಮಟ್ಟದ ಕಚೇರಿಗಳಲ್ಲಿ ಈ ಪ್ರಮಾಣ ಶೇ. 8 ಮಾತ್ರ. ಆದ್ದರಿಂದ ಹುದ್ದೆಯು ಯಾವ ವೃಂದಕ್ಕೆ ಸೇರಿದೆ ಎಂಬುದು ಅಧಿಸೂಚನೆಯಲ್ಲಿ ಮೊದಲು ಗಮನಿಸಬೇಕಾದ ಅಂಶ.

ಬೀದರ್‌ನ ಮೈಲೂರ, ಭಾಲ್ಕಿ, ಔರಾದ ಮುಂತಾದ ಊರುಗಳಲ್ಲಿ ಹುಟ್ಟಿ ಬೆಳೆದವರೂ ಕೇವಲ ವಾಸಸ್ಥಳದ ಆಧಾರದಿಂದ ಈ ಸೌಲಭ್ಯವನ್ನು ಪಡೆಯಲಾರರು. ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರ ಅವಶ್ಯಕ. ಜಾತಿ ಅಥವಾ ಆದಾಯದ ಪ್ರಮಾಣಪತ್ರವು ಇದಕ್ಕೆ ಬದಲಿಯಾಗದು. ಅರ್ಜಿಯ ಕೊನೆಯ ದಿನಾಂಕದೊಳಗೆ ಇದು ಕೈಸೇರದಿದ್ದರೆ ಅರ್ಹರಾದವರೂ ಮೀಸಲು ಅವಕಾಶವನ್ನು ಕಳೆದುಕೊಳ್ಳುವ ಸಂಭವವಿರುವುದರಿಂದ, ಅಧಿಸೂಚನೆಗೆ ಕಾಯದೆ ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಸೂಕ್ತ.