ಗಡುಸು ದನಿಯ ರೆಕಾರ್ಡುಗಳು

ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ತಟ್ಟೆಗಳಲ್ಲಿರುವುದು ತೆಳು ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡಸರ ದನಿಯಷ್ಟು ಗಡುಸಾಯಿತು. ಅದರಲ್ಲೇ ಅವರು ಜೀವನಪೂರ್ತಿ ಹಾಡಿದರು. ಹೈದರಾಬಾದಿನ ಮೆಟ್ರೋದಲ್ಲಿ ಮಿಯಾಪುರಕ್ಕೆ ಹೋಗುತ್ತಾ ಹಳೆಯ ಪಂಕ್ ಕೇಳುವಾಗೆಲ್ಲ ನನಗೆ ಅವರದೇ ನೆನಪು.

1977ರಲ್ಲಿ ಲಂಡನ್ನಿನ ಎಕ್ಸ್-ರೇ ಸ್ಪೆಕ್ಸ್ ತಂಡದ ‘ಓ ಬಾಂಡೇಜ್, ಅಪ್ ಯುವರ್ಸ್!’ ಬಂತು. ಹಾಡಿದ ಪಾಲಿ ಸ್ಟೈರೀನ್‌ಗೆ ಆಗ 20 ವರ್ಷ. ತಂದೆ ಸೊಮಾಲಿಯಾ ಮೂಲದವರು. ಆಕೆಯ ಹಲ್ಲಿಗೆ ತಂತಿ. ಹುಡುಗಿಯರು ಕಣ್ಣಿಗೆ ಕಂಡರೆ ಸಾಕು, ದನಿ ಕೇಳಿಸಬಾರದು ಎಂಬ ಹಳೇ ಬುದ್ಧಿಮಾತನ್ನು ಮೆಲ್ಲಗೆ ಹೇಳಿ, ಮರುಕ್ಷಣವೇ ಕಿರುಚುತ್ತಾಳೆ. ಸ್ಯಾಕ್ಸೊಫೋನ್ ಊದಿದ ಲೋರಾ ಲಾಜಿಕ್ ಇನ್ನೂ ಹದಿಹರೆಯದ ಹುಡುಗಿ.

ಸೂಸಿ ಸೂ 1976ರಲ್ಲೇ ವೇದಿಕೆ ಹತ್ತಿದ್ದರೂ ಅವಳ ತಂಡ ಬ್ಯಾನ್ಶೀಸ್‌ಗೆ ರೆಕಾರ್ಡ್ ಕಂಪನಿ ಸಿಕ್ಕಿದ್ದು 1978ರಲ್ಲಿ. ಮೊದಲ ಹಾಡು ‘ಹಾಂಗ್ ಕಾಂಗ್ ಗಾರ್ಡನ್’ ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ಪುಂಡರ ಕಾಟ ಅನುಭವಿಸಿದ ಚೀನೀ ಹೋಟೆಲಿನವರ ಪರವಾಗಿ ಬರೆದದ್ದು ಎನ್ನುತ್ತಾಳೆ ಸೂಸಿ. ಸಾಲುಗಳಲ್ಲಿ ಮಾತ್ರ ಚೀನೀಯರ ಸವಕಲು ಚಿತ್ರಗಳೇ ತುಂಬಿವೆ. ಅದೇ ವರ್ಷದ ‘ದ ಸ್ಕ್ರೀಮ್’ ನನಗೆ ಹೆಚ್ಚು ಇಷ್ಟ: ಗುಡುಗುವ ಡ್ರಮ್, ಚೂಪು ಗಿಟಾರ್, ನಡುವೆ ಯಾರನ್ನೂ ಓಲೈಸದ ತಣ್ಣನೆಯ ದನಿ. ಗೋಥಿಕ್ ರಾಕ್ ಎಂಬ ಹೆಸರು ಊರೂರಿಗೆ ಹಬ್ಬಿದ್ದು ಆಮೇಲೆ.