ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಇಂಗಾಲದ ಹೆಜ್ಜೆಗುರುತು

ಪೊರೆ ತೆಗೆದು ಕೃತಕ ಮಸೂರ ಅಳವಡಿಸುವ ಒಂದು ಶಸ್ತ್ರಚಿಕಿತ್ಸೆಯಿಂದ ನೇರವಾಗಿ ಹಾಗೂ ಪರೋಕ್ಷವಾಗಿ ಹೊಮ್ಮುವ ಹಸಿರುಮನೆ ಅನಿಲಗಳ ಒಟ್ಟು ಪ್ರಮಾಣ. ಇದನ್ನು ಇಂಗಾಲದ ಡೈಆಕ್ಸೈಡ್‌ಗೆ ಸಮಾನವಾದ ಕಿಲೋಗ್ರಾಂಗಳಲ್ಲಿ ಹೇಳಲಾಗುತ್ತದೆ.

ಅಳೆಯುವ ವಿಧಾನ: ಜೀವನಚಕ್ರ ಮೌಲ್ಯಮಾಪನದಲ್ಲಿ ಉಪಕರಣ ಮತ್ತು ಔಷಧಿಗಳ ತಯಾರಿಕೆ, ಸಾಗಣೆ, ಶಸ್ತ್ರಚಿಕಿತ್ಸಾ ಕೊಠಡಿಯ ವಿದ್ಯುತ್, ಕ್ರಿಮಿಶುದ್ಧೀಕರಣ, ತ್ಯಾಜ್ಯ ವಿಲೇವಾರಿ ಇವುಗಳನ್ನು ಲೆಕ್ಕ ಹಾಕಲಾಗುತ್ತದೆ. ಪ್ರತಿಯೊಂದರ ಪ್ರಮಾಣವನ್ನು ಅದರ ಹೊರಸೂಸುವಿಕೆ ಗುಣಾಂಕದಿಂದ ಗುಣಿಸಿ ಮೊತ್ತ ಪಡೆಯುತ್ತಾರೆ. ಲೆಕ್ಕದ ವ್ಯಾಪ್ತಿ ಬೇರೆಯಾದರೆ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು.

ಪ್ರಮುಖ ಅಧ್ಯಯನಗಳು: ವೇಲ್ಸ್‌ನ ಕಾರ್ಡಿಫ್ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನ ಒಂದು ಶಸ್ತ್ರಚಿಕಿತ್ಸೆಗೆ ಸುಮಾರು 182 ಕಿ.ಗ್ರಾಂ. ಎಂದು ಅಂದಾಜಿಸಿತು, ಅದರಲ್ಲಿ ಅರ್ಧಕ್ಕೂ ಹೆಚ್ಚು ಖರೀದಿಸಿದ ಸಾಮಗ್ರಿಗಳ ಪಾಲು. ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆ ಸಮೂಹದ ಬಗ್ಗೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫೇಕೋ ವಿಧಾನಕ್ಕೆ (ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವುದು) ಸಿಕ್ಕ ಅಂಕಿ ಸುಮಾರು 6 ಕಿ.ಗ್ರಾಂ.; ಘನತ್ಯಾಜ್ಯ ಸುಮಾರು 250 ಗ್ರಾಂ.

ಅರವಿಂದ ಸಮೂಹದ ಅಂಕಿ ಕಡಿಮೆಯಿರಲು ಕಾರಣಗಳು: ಸಲಕರಣೆ ಮತ್ತು ಬಟ್ಟೆಗಳ ಮರುಬಳಕೆ, ಅಲ್ಪಾವಧಿಯ ಕ್ರಿಮಿಶುದ್ಧೀಕರಣ, ಒಂದೇ ಬಾಟಲಿಯ ಔಷಧಿಯನ್ನು ಹಲವರಿಗೆ ಬಳಸುವುದು, ಒಂದು ಕೊಠಡಿಯಲ್ಲಿ ಸರದಿಯಂತೆ ಹೆಚ್ಚು ಶಸ್ತ್ರಚಿಕಿತ್ಸೆ ನಡೆಸುವುದು. ಹೊರಸೂಸುವಿಕೆ ಕಡಿಮೆಯಾದರೂ ಚಿಕಿತ್ಸೆಯ ಫಲಿತಾಂಶ ಕುಂದಲಿಲ್ಲವೆಂಬುದು 2017ರ ಅಧ್ಯಯನದ ಮುಖ್ಯ ಅಂಶ. ಹಲವು ದೇಶಗಳಲ್ಲಿ ಸೋಂಕು ನಿಯಂತ್ರಣ ನಿಯಮಗಳು ಏಕಬಳಕೆಯ ಸಾಮಗ್ರಿಗಳಿಗೇ ಒತ್ತು ಕೊಡುವುದರಿಂದ ಈ ಕ್ರಮಗಳನ್ನು ಹಾಗೆಯೇ ಅಳವಡಿಸಿಕೊಳ್ಳುವುದು ಸುಲಭವಲ್ಲ.